ಸೇತುವೆಯ ಮೇಲಿನ ಫೋಟೊ

ಅಮೆರಿಕದ ಉತ್ತರ ಜಾರ್ಜಿಯಾದ ಬೆಟ್ಟಗಳ ನಡುವೆ, ಆಲ್ಪ್ಸ್ ಊರಿನಂತೆ ಕಟ್ಟಿದ ಹಳ್ಳಿ. ಒಳ್ಳೆಯ ಬಿಸಿಲು. ಪಕ್ಕದ ರಾಜ್ಯದ ಕ್ಯಾರಿ ಪಟ್ಟಣದಿಂದ ಬಂದ ನಾವು ಗೆಳತಿಯರು ಹೊಳೆಯಲ್ಲಿ ಟ್ಯೂಬ್ ಮೇಲೆ ತೇಲಿ, ಮೈಸೂರಿನ ನಾಜಿಮಾ ತಂದ ಚಿತ್ರಾನ್ನ ತಿಂದು, ಸೇತುವೆಯ ಮೇಲೆ ಫೋಟೊಗೆ ನಿಂತೆವು. ನಾನು ಫೋನನ್ನು ನಾಜಿಮಾಳ ಕೈಗಿತ್ತೆ.

"ನೀನೇ ಚೆನ್ನಾಗಿ ತೆಗೀತೀಯ ಕಣೇ."

ನಿಜವಾದ ಕಾರಣ ಬೇರೆ. ಫೋಟೊ ಊರಿನ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ಅದರಲ್ಲಿ ಅವಳ ಹಿಜಾಬ್ ಕಂಡರೆ ಅತ್ತೆಗೆ ಉತ್ತರ ಹೇಳಬೇಕು.

"ಗೊತ್ತು ಬಿಡೇ, ಗ್ರೂಪಿಗೆ ಹಾಕ್ಬೇಕಲ್ಲ," ಎಂದು ನಕ್ಕು ಕ್ಲಿಕ್ಕಿಸಿದಳು.

ಮುಂದೊಂದು ದಿನ ಈ ಫೋಟೊ ನೋಡಿ, ಅವಳು ಬಂದೇ ಇರಲಿಲ್ಲವೆಂದು ನಾನೇ ನಂಬಿಬಿಡಬಹುದು. ಅದಕ್ಕೇ ಬರೆದಿಡುತ್ತಿದ್ದೇನೆ.

ಫೋನ್ ಹಿಂದಿರುಗಿಸುವಾಗ, ಫೋಟೊದಲ್ಲಿ ನಮ್ಮ ಕಾಲ ಬಳಿ ಬಿದ್ದಿದ್ದ ತನ್ನ ನೆರಳನ್ನು ತೋರಿಸಿದಳು.

"ಇಲ್ಲಿದ್ದೀನಿ ನೋಡು. ಕ್ರಾಪ್ ಮಾಡ್ಕೋ."