ಖಾಲಿ ಬೆನ್ನಿನ ಕತ್ತೆ

ನನ್ನ ಬಾಡಿಗೆ ಕೋಣೆಯ ಎದುರು ಹೊಸ ಮನೆಯೊಂದು ಏಳುತ್ತಿದೆ. ವಾರದಿಂದ ಅಲ್ಲಿ ಸುಣ್ಣ ಅರಳಿಸುತ್ತಿದ್ದಾರೆ. ಆ ಬಿಸಿ ವಾಸನೆ ಬಂದೊಡನೆ ಎದ್ದು ಕಿಟಕಿ ಮುಚ್ಚುತ್ತೇನೆ. ಕಲಬುರ್ಗಿಯ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂರುವವಳನ್ನು ಬಿ.ಎ. ಓದುತ್ತಿರುವವಳೆಂದು ನೀವು ನಂಬಲಾರಿರಿ.

ನಮ್ಮೂರು ಕಮಲಾಪುರದಲ್ಲಿ ಆ ವಾಸನೆ ಬಂತೆಂದರೆ ಚಾಚಾ ಬಂದರೆಂದೇ ಅರ್ಥ. ಮಹಾಗಾಂವದ ಕಡೆಯಿಂದ ಕತ್ತೆಯ ಮೇಲೆ ಸುಣ್ಣ ಹೇರಿ ತರುತ್ತಿದ್ದ ಮುಸಲ್ಮಾನ ಮುದುಕ. ಅಪ್ಪ ಅಲ್ಲಿಯ ಶಾಲೆ ಮಾಸ್ತರು, ನಮ್ಮ ಚಿಕ್ಕ ಕ್ರೈಸ್ತ ಸಭೆಗೆ ಉಪದೇಶಿಯೂ ಹೌದು. ಯೇಸು ಕತ್ತೆಯೇರಿ ಯೆರೂಸಲೇಮಿಗೆ ಬಂದ ನೆನಪಿಗೆ, ಗರಿಗಳ ಭಾನುವಾರ ನಾವೆಲ್ಲ ಈಚಲ ಗರಿ ಹಿಡಿದು ಚಾಚಾನ ಕತ್ತೆಯ ಹಿಂದೆ ಹಾಡುತ್ತ ಹೋಗುತ್ತಿದ್ದೆವು. ಅದರ ಮೇಲೆ ಯಾರೂ ಕೂರುವಂತಿಲ್ಲ. ಅದು ರಾಜನ ಜಾಗವೆಂದು ಅಪ್ಪ ಹಾಕಿದ ಕಟ್ಟಳೆ. ಚಾಚಾ ಹಿಂದಿನ ದಿನವೇ ಕತ್ತೆಯನ್ನು ಉಜ್ಜಿ ತೊಳೆದು, ತಾವು ಈದಿಗೆ ಹೊದೆಯುವ ಶಾಲನ್ನು ಆ ಖಾಲಿ ಬೆನ್ನಿಗೆ ಹಾಸಿ ತರುತ್ತಿದ್ದರು.

"ನಿಜಾಮ ಸರಕಾರಗ ಮೋಟಾರು, ನಿಮ್ಮ ರಾಜಾಗ ನನ್ನ ಕತ್ತಿ. ಕುದುರಿನೂ ಸಿಗಲಿಲ್ಲೇನ್ರೀ ಮಾಸ್ತರ?" ಎಂದು ಪ್ರತಿವರ್ಷ ಚೇಷ್ಟೆ ಮಾಡುವರು.

"ಸಿಕ್ಕಿತ್ತು ಚಾಚಾ. ಕುದುರಿ ಏರಾವ್ರು ಲಡಾಯಿಗಿ ಬರ್ತಾರ. ಈತ ಸಮಾಧಾನಕ್ಕ ಬಂದಾನ."

ಈ ಉತ್ತರ ನನಗೆ ಬಾಯಿಪಾಠವಾಗಿತ್ತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ವಾರ, ರಜಾಕಾರರು ಮಾಡಿದ್ದಕ್ಕೆ ಏನೂ ಮಾಡದ ಮುಸಲ್ಮಾನರ ಮನೆಗಳು ಉರಿದವು. ಒಂದು ಮಧ್ಯಾಹ್ನ ಸಭೆಯವರೆಲ್ಲ ದೇವಾಲಯದೊಳಗೆ ಸೇರಿದ್ದಾಗ ಬಾಗಿಲು ತೆರೆಯಿರೆಂದು ಹೊರಗಿನಿಂದ ಚಾಚಾ ಕೂಗಿದರು. ಬಾಗಿಲ ಸಂದಿಯಲ್ಲಿ ನೋಡಿದೆ. ಕತ್ತೆಯ ಬೆನ್ನು ಅಂದು ಖಾಲಿ ಇರಲಿಲ್ಲ. ಜ್ವರದಲ್ಲಿದ್ದ ಅವರ ಹೆಂಡತಿ, ಚಾಚಿ, ಅದರ ಕುತ್ತಿಗೆಯನ್ನು ತಬ್ಬಿ ಮಲಗಿದ್ದಳು.

"ಒಳಗ ನಮ್ಮ ಮಕ್ಕಳು ಅವ," ಎಂದರು ಅಪ್ಪ, ನನ್ನನ್ನು ನೋಡದೆ. "ಚಿಲಕ ಹಾಕವ್ವಾ."

ಹಾಕಿದೆ. ಹದಿನಾಲ್ಕು ವರ್ಷದವಳು, ಹೇಳಿದ ಮಾತು ಕೇಳುವ ಹುಡುಗಿ. ಸ್ವಲ್ಪ ಹೊತ್ತಿಗೆ ಕತ್ತೆಯ ಗೊರಸಿನ ಸದ್ದು ದೂರವಾಯಿತು.

ಮುಂದಿನ ಹಬ್ಬಕ್ಕೆ ಊರ ಗೌಡರು ತಮ್ಮ ಕುದುರೆ ಕಳಿಸಿದರು. ಸಭೆಗೆ ಹೆಮ್ಮೆಯೋ ಹೆಮ್ಮೆ. ಅಪ್ಪ ಅದರ ಪಕ್ಕದಲ್ಲೇ ನಿಂತು, ದೀನತೆಯೇ ನಮ್ಮ ರಾಜನ ಕಿರೀಟವೆಂದು ಎಂದಿನ ಪ್ರಸಂಗ ಮಾಡಿದರು. ಧ್ವನಿ ಒಮ್ಮೆಯೂ ನಡುಗಲಿಲ್ಲ. ಓದಲು ಕಲಬುರ್ಗಿಗೆ ಬಂದ ಮೇಲೆ ನಾನು ಆ ಹಬ್ಬಕ್ಕೆ ಊರಿಗೆ ಹೋಗಿಲ್ಲ. ಪ್ರತಿವರ್ಷ ಪರೀಕ್ಷೆಯ ನೆಪ ಹೇಳುತ್ತೇನೆ. ನನ್ನ ಧೈರ್ಯವೂ ಅಷ್ಟೇ.

ನಿನ್ನೆ ಕಿಟಕಿ ಮುಚ್ಚಲು ಹೋದವಳು, ಕೆಳಗೆ ಕತ್ತೆಯ ಮೇಲಿನ ಚೀಲ ಇಳಿಸುತ್ತಿದ್ದ ಮುದುಕನನ್ನು ಕಂಡು ಇಳಿದು ಹೋದೆ. ಚಾಚಾನೇ. ಎರಡು ದಿನ ಜೋಳದ ಹೊಲದಲ್ಲಿ ಅಡಗಿದ್ದರಂತೆ. ಚಾಚಿ ಅಲ್ಲೇ ತೀರಿಕೊಂಡಳಂತೆ. ಈಗ ಇದೇ ಊರಿನ ರೋಜಾ ಬಡಾವಣೆಯಲ್ಲಿ ಒಬ್ಬರೇ ಇದ್ದಾರೆ.

"ಅವತ್ತ ಚಿಲಕ ಹಾಕಿದಾಕಿ ನಾನು," ಎಂದೆ.

"ಗೊತ್ತದ ಬೇಟಿ. ಬಾಗಿಲ ಸಂದ್ಯಾಗ ನಿನ್ನ ಹಸರು ಲಂಗ ಕಂಡಿತ್ತು." ಇನ್ನೊಂದು ಚೀಲ ಇಳಿಸಿ, ಕೈ ಕೊಡವಿಕೊಂಡರು. "ನಿಮ್ಮ ಹಬ್ಬ ಈ ಆಯ್ತವಾರ ಅಲ್ಲೇನು? ಕತ್ತಿ ಬೇಕಂದ್ರ ಅಪ್ಪಾರಿಗಿ ಹೇಳು."

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

ಅಪ್ಪನಿಗೆ ಕಾಗದ ಬರೆದು ಇಂದು ಬೆಳಗಿನ ಬಸ್ಸಿಗೆ ಕೊಟ್ಟು ಬಂದೆ. ಚಾಚಾ ಇದ್ದಾರೆ, ಚಾಚಿ ಇಲ್ಲ. ಕತ್ತೆ ಕೊಡುತ್ತಾರಂತೆ. ಕೇಳಲು ನೀವೇ ರೋಜಾಕ್ಕೆ ಬರಬೇಕು. ಇಷ್ಟೇ ಬರೆದದ್ದು. ಅವರು ಬರುವರೆಂಬ ನಂಬಿಕೆ ನನಗಿಲ್ಲ.

ಎದುರು ಮನೆಯಲ್ಲಿ ಮತ್ತೆ ಸುಣ್ಣ ಅರಳುತ್ತಿದೆ. ಕಣ್ಣು ಉರಿಯುತ್ತಿದೆ. ಕಿಟಕಿ ತೆರೆದೇ ಇದೆ.