ರಗ್ಗು ಹೊದ್ದ ಬಕೆಟ್ಟು

ವರ್ಷವಿಡೀ ಬೆವರು ಸುರಿಯುವ ಮಲೇಷ್ಯಾದ ನಿಲಾಯ್‌ನಲ್ಲಿ ಅನಂತಕೃಷ್ಣ ಮನೆಯಲ್ಲೇ ಮಾಡಿದ ಬಿಯರಿಗೆ ಶಾಖ ಕೊಡುತ್ತಾನೆಂದರೆ ಕೇಳಿದವರು ನಗುತ್ತಿದ್ದರು. ಅವನು ತಾಳ್ಮೆಯಿಂದ ವಿವರಿಸುತ್ತಿದ್ದ. ಹುದುಗು ಬರಿಸುವ ಮಿಕ್ಕ ಯೀಸ್ಟುಗಳು ಸೆಕೆಗೆ ಕೆಟ್ಟು ಬಿಯರಿಗೆ ವಾರ್ನಿಷ್ಷಿನ ವಾಸನೆ ಹತ್ತಿಸುತ್ತವೆ. ಈ ಸಲ ತರಿಸಿದ್ದು ನಾರ್ವೆಯ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು, ಅದಕ್ಕೆ ಇಲ್ಲಿನ ಸೆಕೆಯೂ ಸಾಲದು, ಜ್ವರ ಬಂದ ಮೈಯಷ್ಟು ಬಿಸಿ ಬೇಕು.

ಮೈಸೂರಿನವನಾದ ಅನಂತಕೃಷ್ಣನಿಗೆ ನಲವತ್ತೆಂಟು ವರ್ಷ. ವಿಮಾನ ನಿಲ್ದಾಣದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ವೃತ್ತಿಯಾದವನಿಗೆ, ಇದು ನಾನು ಮಾಡಿದ್ದು ಎಂದು ತೋರಿಸಲು ಇದ್ದದ್ದು ಅಡುಗೆಮನೆಯ ಹಿಂದೆ, ಬಟ್ಟೆ ಒಣಹಾಕುವ ಇಕ್ಕಟ್ಟಿನಲ್ಲಿ ಕೂತ ಒಂದು ಮುಚ್ಚಳದ ಬಕೆಟ್ಟು ಮಾತ್ರ. ಮಕ್ಕಳಿರಲಿಲ್ಲ. ಹೆಂಡತಿ ಭಾನುಮತಿ ಆನ್‌ಲೈನಿನಲ್ಲಿ ಊರೂರಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಗಂಡನ ಹವ್ಯಾಸದ ಬಗ್ಗೆ ಅವಳಿಗೆ ಅಸಹ್ಯವೂ ಇರಲಿಲ್ಲ, ಗೌರವವೂ ಇರಲಿಲ್ಲ.

ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಣೆಯ ಕಂಪನಿಯೊಂದರ ಮ್ಯಾನೇಜರಾಗಿದ್ದ ಗುರುದತ್ ವರ್ಷಕ್ಕೊಮ್ಮೆ ಕನ್ನಡದ ಗೆಳೆಯರನ್ನು ಮನೆಗೆ ಕರೆಯುತ್ತಿದ್ದ. ಬಿಯರು ಮಾಡುವವರು ತಂತಮ್ಮದನ್ನು ತರಬೇಕು. ಕಳೆದ ವರ್ಷ ಅನಂತಕೃಷ್ಣನ ಗ್ಲಾಸಿನಿಂದ ಒಂದು ಗುಟುಕು ಕುಡಿದು, ಗುರುದತ್ ಬಾಲ್ಕನಿಗೆ ನಡೆದು ಉಳಿದದ್ದನ್ನು ಕರಿಬೇವಿನ ಕುಂಡಕ್ಕೆ ಸುರಿದಿದ್ದ.

"ಗಿಡ ಸತ್ರೆ ನೀನೇ ಜವಾಬ್ದಾರಿ ಕಣೋ ಅನಂತು."

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ಭಾನುಮತಿ. ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮನೆಗೆ ಮರಳುವ ದಾರಿಯಲ್ಲಿ ಟೋಲ್ ದಾಟುವಷ್ಟರಲ್ಲಿ ಅವಳದನ್ನು ಮರೆತಿದ್ದಳು. ಅವನು ಮರೆಯಲಿಲ್ಲ. ಆ ವರ್ಷವೆಲ್ಲ ಅವನು ಓದಿದ್ದು, ತರಿಸಿದ್ದು, ಕುದಿಸಿದ್ದು, ಸೋಸಿದ್ದು ಆ ನಗೆಗೆ ಉತ್ತರವಾಗಿಯೇ.

ಈ ವರ್ಷ ಗುರುದತ್ ಕರೆದಿದ್ದ ಶನಿವಾರಕ್ಕೆ ಐದು ದಿನ ಮುಂಚೆ ಅವನು ಬಕೆಟ್ಟಿಗೆ ಯೀಸ್ಟು ಹಾಕಿ, ಸುತ್ತಲೂ ಕರೆಂಟಿನ ಶಾಖದ ಪಟ್ಟಿ ಬಿಗಿದು, ಅದರ ಮೇಲೆ ರಗ್ಗು ಹೊದಿಸಿದ. ಆ ಮನೆಯಲ್ಲಿದ್ದ ದಪ್ಪ ಹೊದಿಕೆ ಅದೊಂದೇ. ಸೆಕೆಯ ದೇಶಕ್ಕೆ ರಗ್ಗು ಯಾಕೆ ಎಂದು ಅವನು ಹಂಗಿಸಿದರೂ ಕೇಳದೆ ಭಾನುಮತಿ ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತುರುಕಿಕೊಂಡು ಬಂದದ್ದು.

ಅದೇ ಸಂಜೆ ಅವಳಿಗೆ ಜ್ವರ ಏರಿತು. ಮೊದಲು ತಲೆನೋವೆಂದಳು, ಕಣ್ಣಿನ ಹಿಂದೆ ನೋವೆಂದಳು. ದೀಪ ಹಚ್ಚುವ ಹೊತ್ತಿಗೆ ಹಲ್ಲು ಕಟಕಟಿಸುವಂಥ ನಡುಕ.

"ರೀ, ಆ ರಗ್ಗು ತಂದ್ಕೊಡ್ರೀ. ಚಳಿ ತಡೆಯೋಕಾಗ್ತಿಲ್ಲ."

ಅವನು ಹೋದ. ಬಕೆಟ್ಟಿನ ಮುಂದೆ ನಿಂತ. ಒಳಗೆ ಹುಳಿಯೇರುವ ಕೆಲಸ ಶುರುವಾಗಿ, ಮುಚ್ಚಳದ ಮೇಲಿನ ನಳಿಗೆಯಲ್ಲಿ ಗುಳ್ಳೆಗಳು ಒಂದೇ ಲಯದಲ್ಲಿ ಏಳುತ್ತಿದ್ದವು. ರಗ್ಗು ತೆಗೆದರೆ ಶಾಖ ಒಂದಿಷ್ಟು ಇಳಿಯುತ್ತದೆ, ಯೀಸ್ಟೇನೂ ಸಾಯುವುದಿಲ್ಲ, ಹೆಚ್ಚೆಂದರೆ ಒಂದು ದಿನ ತಡವಾದೀತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ರಗ್ಗಿನ ಅಂಚನ್ನು ಇನ್ನೊಂದಿಷ್ಟು ಒಳಕ್ಕೆ ಸಿಕ್ಕಿಸಿದ. ಎರಡು ಬೆಡ್‌ಶೀಟು, ಒಂದು ಸ್ನಾನದ ಟವೆಲು ತೆಗೆದುಕೊಂಡು ಕೋಣೆಗೆ ಮರಳಿ, ರಗ್ಗು ಒಗೆಯಲು ಹಾಕಿದ್ದೇನೆ, ಒದ್ದೆಯಾಗಿದೆ ಎಂದ. ಅವಳು ನಂಬಿದಳು. ಟವೆಲಿನಡಿಯಲ್ಲಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ನಡುಗಿದಳು. ಅವನು ಹಣೆ ಮುಟ್ಟಿ ನೋಡಿ, ಮಾತ್ರೆ ಕೊಟ್ಟು, ಬಕೆಟ್ಟಿನ ಥರ್ಮಾಮೀಟರು ನೋಡಲು ಎದ್ದುಹೋದ.

ಬೆಳಿಗ್ಗೆ ಅವನು ಸ್ನಾನ ಮುಗಿಸಿ ಬಂದಾಗ ಭಾನುಮತಿ ಗೋಡೆ ಹಿಡಿದುಕೊಂಡು ಬಕೆಟ್ಟಿನೆದುರು ನಿಂತಿದ್ದಳು. ನೀರು ಕುಡಿಯಲು ಎದ್ದವಳು. ಅವಳ ಅಂಗೈ ರಗ್ಗಿನ ಮೇಲಿತ್ತು.

"ಬೆಚ್ಚಗಿದೆ ಅಲ್ವಾ?"

"ಹೂಂ. ಮೂವತ್ತೆಂಟು ಡಿಗ್ರಿ ಇದೆ," ಎಂದ ಅನಂತಕೃಷ್ಣ. ಹೇಳಿದ ಮೇಲೆ ಅವನಿಗೆ ಪ್ರಶ್ನೆ ಅರ್ಥವಾಯಿತು. ಅವಳು ರಗ್ಗಿನ ಮೇಲಿಂದ ಕೈ ತೆಗೆದಳು. ಅದನ್ನು ಎಳೆದುಕೊಳ್ಳಲಿಲ್ಲ. ಹೋಗಿ ಬೆಡ್‌ಶೀಟಿನೊಳಗೆ ಮಲಗಿದಳು.

ಮೂರನೆಯ ದಿನ ಕ್ಲಿನಿಕ್ಕಿನಲ್ಲಿ ಡೆಂಗ್ಯೂ ಎಂದರು. ಅವನು ಎಳನೀರು ತಂದ, ಅಂಗಡಿಯಿಂದ ಗಂಜಿ ತಪಾವ್ ಮಾಡಿಸಿ ಪೊಟ್ಟಣ ಕಟ್ಟಿಸಿಕೊಂಡು ತಂದ, ರಕ್ತಪರೀಕ್ಷೆಗೆ ಕಾರಿನಲ್ಲಿ ಕರೆದೊಯ್ದ. ನೋಡಿದವರು ಒಳ್ಳೆಯ ಗಂಡ ಎನ್ನುವಂತೆ ನಡೆದುಕೊಂಡ. ನಡುವೆ ಬಿಯರನ್ನು ಪುಟ್ಟ ಸ್ಟೀಲಿನ ಪೀಪಾಯಿಗೆ ತುಂಬಿ, ಗ್ಯಾಸು ಹಾಯಿಸಿ, ತಣ್ಣಗಾಗಲು ಫ್ರಿಜ್ಜಿನಲ್ಲಿಟ್ಟ. ಬಕೆಟ್ಟಿನಿಂದ ಬಿಡುಗಡೆಯಾದ ರಗ್ಗನ್ನು ಮಡಚಿ ಅವಳ ಕಾಲಿನ ಬಳಿ ಇಟ್ಟ. ಅವಳದನ್ನು ಕಾಲಿನಿಂದಲೇ ಮಂಚದ ಕೆಳಕ್ಕೆ ತಳ್ಳಿದಳು.

ಶನಿವಾರ ಬೆಳಿಗ್ಗೆ ಅವಳ ಮೈ ತಣ್ಣಗಿತ್ತು. ಹೊಟ್ಟೆನೋವು ಮಾತ್ರ ಇದೆ ಎಂದಳು.

"ಜ್ವರ ಇಳಿದಾಗ್ಲೇ ಹುಷಾರಾಗಿರ್ಬೇಕು ಅಂದಿದ್ರು ಡಾಕ್ಟ್ರು. ಇವತ್ತೊಂದಿನ ಹೋಗೋದು ಬೇಡ."

"ಇಳಿದಿದೆಯಲ್ಲ ಭಾನು, ಇನ್ನೇನು? ಸಂಜೆಯೊಳಗೆ ಬಂದ್ಬಿಡ್ತೀನಿ."

ಮಧ್ಯಾಹ್ನ ತನ್ನ ಮನೆಯಲ್ಲಿ ಗುರುದತ್ ಮೊದಲ ಗುಟುಕು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ಕಿತ್ತಳೆಯ ಸಿಪ್ಪೆಯ ಪರಿಮಳ ಹೇಗೆ ಬಂತು ಎಂದು ಕೇಳಿದ. ಅನಂತಕೃಷ್ಣ ಶಾಖದ ಮಹಿಮೆಯನ್ನು ವರ್ಣಿಸುತ್ತಿದ್ದಾಗ ಜೇಬಿನಲ್ಲಿ ಫೋನು ಅದುರಿತು. ಎದುರುಮನೆಯ ಶಮೀಮ್, ಹುಬ್ಬಳ್ಳಿಯವಳು. ಅವನು ಫೋನನ್ನು ಟೇಬಲ್ಲಿನ ಮೇಲೆ ಬೋರಲಾಗಿಟ್ಟ. ಗುರುದತ್ ಖಾಲಿ ಗ್ಲಾಸು ಮುಂದೆ ಚಾಚಿದ್ದ. ಫೋನು ಮತ್ತೆ ಮತ್ತೆ ಟೇಬಲ್ಲಿನ ಮೇಲೆ ಗುರುಗುಟ್ಟಿತು.

ಕೊನೆಗೆ ಶಮೀಮಳ ಮೆಸೇಜು ನೋಡಿ ಅವನು ಆಸ್ಪತ್ರೆಗೆ ಬಂದಾಗ ಕತ್ತಲಾಗಿತ್ತು. ಭಾನುಮತಿಯ ಕೈಗೆ ಡ್ರಿಪ್ ಹಾಕಿದ್ದರು. ತುಟಿಯಂಚಿನಲ್ಲಿ ಒಸಡಿನ ರಕ್ತ ಒಣಗಿತ್ತು. ಪಕ್ಕದ ಕುರ್ಚಿಯಲ್ಲಿ ಶಮೀಮ್.

"ಅಕ್ಕಾರು ಬಾತ್‌ರೂಮಿನ್ಯಾಗ ಬಿದ್ದಿದ್ರು. ತೆವಳಕೋಂತ ಬಂದು ಬಾಗ್ಲಾ ತಗದಾರ. ಎಷ್ಟು ಸಲ ಫೋನ್ ಮಾಡ್ಲಿ ನಾ ನಿಮಗ?"

ಪ್ಲೇಟ್‌ಲೆಟ್ಟು ಕುಸಿದಿದೆ, ಎರಡು ದಿನ ಏನೂ ಹೇಳಲಾಗದು ಎಂದಿದ್ದರು ವೈದ್ಯರು. ಭಾನುಮತಿ ಕಣ್ಣು ತೆರೆದು ಅವನನ್ನು ಗುರುತಿಸಿದಳು.

"ಏನಂದ್ರು ಗುರುದತ್?"

ಸುಮ್ಮನಿರಬಹುದಿತ್ತು. "ಎರಡನೇ ಗ್ಲಾಸ್ ಕೇಳಿದ್ರು," ಎಂದ, ಮತ್ತು ಆ ವಾರ್ಡಿನಲ್ಲೂ ತನ್ನ ದನಿ ಹೆಮ್ಮೆಯಿಂದ ಕೊಂಚ ಮೇಲೆದ್ದದ್ದು ಅವನಿಗೇ ಕೇಳಿಸಿತು. ಅವಳು ತಲೆಯಾಡಿಸಿ ಆಚೆ ತಿರುಗಿದಳು.

"ಶಮೀಮ್, ಇಲ್ಲಿಂದ ಕಳಿಸಿದ್ಮೇಲೆ ನಿಮ್ಮನೆಗೆ ಬರ್ಲಾ?"

"ಬರ್ರಿ ಅಕ್ಕಾ. ಅದನ್ನೇನ್ ಕೇಳ್ತೀರಿ."

ರಾತ್ರಿ ಜೊತೆಗೆ ಒಬ್ಬರಿಗೆ ಮಾತ್ರ ಅವಕಾಶ, ಯಾರು ಇರುತ್ತೀರಿ ಎಂದು ನರ್ಸು ಕೇಳಿದಳು. ಅನಂತಕೃಷ್ಣ ಬಾಯಿ ತೆರೆಯುವ ಮೊದಲೇ ಭಾನುಮತಿ ಡ್ರಿಪ್ ಇಲ್ಲದ ಕೈಯನ್ನು ಶಮೀಮಳ ತೊಡೆಯ ಮೇಲಿಟ್ಟಳು. ನರ್ಸು ಅವನಿಗೆ ಬಾಗಿಲು ತೋರಿಸಿದಳು.

ಲಿಫ್ಟಿನೊಳಗೆ ಫೋನು ಸದ್ದು ಮಾಡಿತು. ಮುಂದಿನ ಬಿಯರು ಯಾವಾಗ ಎಂದು ಗುರುದತ್ ಕೇಳಿದ್ದ. ಲಿಫ್ಟು ಕೆಳಗಿಳಿದು ಬಾಗಿಲು ತೆರೆಯುವಷ್ಟರಲ್ಲಿ ಅನಂತಕೃಷ್ಣ 'ಬರೋ ತಿಂಗಳು' ಎಂದು ಬರೆದು ಕಳಿಸಿಯಾಗಿತ್ತು.