ಗೀತಾಳ ಅತ್ತೆ ಮಾಡಿದ ಫೋನು

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಹತ್ತಿರ ಬಂದಿತ್ತು. ಲಕ್ಷ್ಮೇಶ್ವರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನ ಹೊಲಿಗೆ ಕೆಲಸ. ಹಬ್ಬದ ರವಿಕೆಗಳ ರಾಶಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಟಗೇರಿಗೆ ಮದುವೆ ಮಾಡಿಕೊಟ್ಟಿದ್ದ ತಂಗಿ ಗೀತಾ ಆಗ ಬಂದಿದ್ದಳು. ಅವಳಿಗೂ ಒಂದು ರವಿಕೆ ಹೊಲಿಯೋಣವೆಂದು ಕರೆದರೆ, "ಹಳೇದರ ಅಳತಿನ ಸಾಕು ಬಿಡಕ್ಕಾ" ಎಂದು ಹಿಂದೆ ಸರಿದಳು. ನಾನು ಬಿಡಲಿಲ್ಲ. ಸೆರಗು ಸರಿಸಿ ಟೇಪು ಇಡಲು ಹೋದರೆ ಬೆನ್ನ ಮೇಲೆ ಸುಟ್ಟ ಗಾಯ. ಪಕ್ಕದಲ್ಲಿ ಮಾಗಿದ ಹಳೆಯ ಗಾಯಗಳು.

"ಯಾರು ಮಾಡಿದ್ರು?"

"ಮತ್ಯಾರು, ಅವರ."

ಅವಳ ಗಂಡ ಹೀಗೆ ಮಾಡಿದನೆಂದರೆ ನನಗೆ ನಂಬಲಾಗಲಿಲ್ಲ. ನಮ್ಮ ಮನೆಗೆ ಬಂದರೆ ತಲೆ ಎತ್ತಿ ಮಾತಾಡದ, ಉಂಡ ತಾಟನ್ನು ತಾನೇ ತೊಳೆದಿಡುತ್ತಿದ್ದ ಮನುಷ್ಯ ಆತ.

ಹಿರಿಯರು ಸೇರಿ ಬುದ್ಧಿ ಹೇಳಿದರು. ಆತ ಎಲ್ಲರ ಕಾಲಿಗೆ ಬಿದ್ದು ಅವಳನ್ನು ಕರೆದುಕೊಂಡು ಹೋದ. ಮಳೆಗಾಲ ಶುರುವಾಗುವಷ್ಟರಲ್ಲಿ ಗೀತಾ ಮುರಿದ ಕೈ ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದು ಬಂದಳು. "ಅಕ್ಕಾ, ಇನ್ನೊಮ್ಮೆ ಕಳಸಬ್ಯಾಡ. ಈ ಸಲ ಹೋದ್ರ ನಾ ತಿರುಗಿ ಬರಂಗಿಲ್ಲ" ಎಂದಳು.

ನನ್ನ ಹತ್ತಿರ ಬಟ್ಟೆ ಹೊಲಿಸುವ ಅಂಗನವಾಡಿ ಟೀಚರೊಬ್ಬರು ನಮ್ಮನ್ನು ಮನೆಯೊಳಗಿನ ಹಿಂಸೆಯ ದೂರು ಕೇಳುವ ಸಂರಕ್ಷಣಾಧಿಕಾರಿಗಳ ಕಡೆ ಕರೆದುಕೊಂಡು ಹೋದರು. ಆ ಅಧಿಕಾರಿ ಮೇಡಂ ಎಲ್ಲವನ್ನೂ ಕೇಳಿ, "ಹೊಡೆದ ಮ್ಯಾಲೆ ಶಿಕ್ಷಾ ಕೊಡೂದು ಬ್ಯಾರೆ, ಹೊಡಿಯೂಕಿಂತ ಮೊದಲ ತಡಿಯೂದು ಬ್ಯಾರೆ. ನಾವು ತಡಿಯೂದನ್ನ ಕೇಳೂಣು" ಎಂದರು. ಅವರ ನೆರವಿನಿಂದಲೇ ಅರ್ಜಿ ನ್ಯಾಯಾಲಯಕ್ಕೆ ಹೋಯಿತು. ವಿಚಾರಣೆ ಮುಗಿಯುವವರೆಗೂ ಕಾಯಿಸದೆ ನ್ಯಾಯಾಧೀಶರು ಮಧ್ಯಂತರ ರಕ್ಷಣಾ ಆದೇಶ ಕೊಟ್ಟರು. ಆತ ಗೀತಾಳ ಮೈಮುಟ್ಟುವಂತಿಲ್ಲ, ಫೋನು ಮಾಡುವಂತಿಲ್ಲ, ಅವಳು ಇರುವ ಮನೆಯ ಹತ್ತಿರ ಬರುವಂತಿಲ್ಲ. ಮೀರಿದರೆ ಅದೇ ಒಂದು ಅಪರಾಧ. ಆದೇಶದ ಪ್ರತಿ ನಮ್ಮೂರ ಪೊಲೀಸ್ ಠಾಣೆಗೂ ಹೋಯಿತು. ಒಂದು ಹಾಳೆ ಅಂಥವನ ಕೈ ತಡೆಯುತ್ತದೆಯೇ ಎಂಬ ಅನುಮಾನ ನನಗಿತ್ತು.

ಕೆಲವು ವಾರ ಏನೂ ಆಗಲಿಲ್ಲ. ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಗೀತಾಳ ಅತ್ತೆ. ಮಗನ ಜೊತೆಗೇ ಇದ್ದ ಆಕೆ ಅಲ್ಲಿಯವರೆಗೆ ನಮ್ಮೊಡನೆ ಒಂದು ಮಾತೂ ಆಡಿರಲಿಲ್ಲ.

"ಯವ್ವಾ, ಜಲ್ದಿ ಬಾಗಲಾ ಹಾಕ್ಕೊರಿ. ಇವ ಗಾಡಿ ತಗೊಂಡು ನಿಮ್ಮ ಕಡೆ ಹೊಂಟಾನ. ಚೀಲದಾಗ ಪೆಟ್ರೋಲ್ ಬಾಟ್ಲಿ ಇಟಗೊಂಡಾನ, ನಾ ಕಣ್ಣಾರೆ ನೋಡೀನಿ. ಪೊಲೀಸರಿಗೆ ಹೇಳ್ರಿ."

ಎದ್ದು ಬಾಗಿಲು ಹಾಕಿದೆ. "ನಿಮ್ಮ ಮಗನ್ನ ಹಿಡಕೊಡ್ರಿ ಅಂತೀರೇನ್ರಿ?" ಎಂದೆ.

"ಹಿಡಕೊಡ್ರಿ. ಇಲ್ಲಂದ್ರ ಆಕಿನೂ ಉಳಿಯಂಗಿಲ್ಲ, ನನ್ನ ಮಗಾ ಕೊಲೆಗಾರ ಆಗ್ತಾನ."

ಠಾಣೆಗೆ ಫೋನು ಮಾಡಿದೆ. ಗೀತಾಳ ಹೆಸರು ಹೇಳುತ್ತಲೇ ಅವರಿಗೆ ಗೊತ್ತಾಯಿತು. ಮೊದಲಿನಿಂದ ಕಥೆ ಹೇಳಬೇಕಾಗಲಿಲ್ಲ. ಕಿಟಕಿಯಿಂದ ಕೂಗಿ ಹೇಳಿದಾಗ, ಪಕ್ಕದ ಅಂಗಡಿಯಲ್ಲಿ ಹತ್ತಿ ಗಾದಿ ಹೊಲಿಯುವ ಹುಸೇನಸಾಬ್ ಕಾಕಾ ಕೆಲಸ ಬಿಟ್ಟು ನಮ್ಮ ಬಾಗಿಲಿಗೆ ಬಂದು ನಿಂತರು. "ನೀವಿಬ್ಬರೂ ಒಳಗ ಇರ್ರಿ" ಎಂದರು. ಅವನು ಬರುವುದಕ್ಕೆ ಮೊದಲೇ ಇಬ್ಬರು ಪೊಲೀಸರು ಬಂದು ಕಾಕಾನ ಅಂಗಡಿಯೊಳಗೆ ಕೂತರು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಆತ ಗಾಡಿ ನಿಲ್ಲಿಸಿ, ಕಾಕಾನಿಗೆ ಕೈ ಮುಗಿದು, ಎಂದಿನ ಮೆತ್ತಗಿನ ದನಿಯಲ್ಲಿ, "ಹೆಂಡತಿನ್ನ ಕರಕೊಂಡು ಹೋಗಾಕ ಬಂದೀನ್ರಿ" ಎಂದ.

ಪೊಲೀಸರು ಹೊರಗೆ ಬಂದರು. "ಈ ಬಾಗಲಿಗೆ ನೀ ಬಂದಿದ್ದ ತಪ್ಪು. ಕೋರ್ಟು ಹೇಳಿದ್ದು ಮರ್ತೀಯೇನು? ಚೀಲಾ ತಗಿ."

ಚೀಲದಲ್ಲಿ ಬಾಟಲಿಯಿತ್ತು, ಬೆಂಕಿಪೊಟ್ಟಣವೂ ಇತ್ತು. ಅವುಗಳ ಜೊತೆ ಗೀತಾಳಿಗೆಂದು ತಂದ ಮಲ್ಲಿಗೆ ಹೂವಿನ ಮಾಲೆ. ಗೀತಾ ಅಳಲೂ ಇಲ್ಲ. ಕಿಟಕಿಯ ಸರಳು ಹಿಡಿದು ಅವನನ್ನು ಜೀಪು ಹತ್ತಿಸುವವರೆಗೂ ನೋಡುತ್ತ ನಿಂತಿದ್ದಳು.

ಆದೇಶ ಮೀರಿದ್ದಕ್ಕೂ, ಕೊಲ್ಲಲು ಬಂದಿದ್ದಕ್ಕೂ ಅವನ ಮೇಲೆ ಪ್ರಕರಣಗಳಾದವು. ಗೀತಾ ಈಗ ನನ್ನ ಜೊತೆಯಲ್ಲೇ ಹೊಲಿಯುತ್ತಾಳೆ. ಮುರಿದ ಕೈ ಪೂರ್ತಿ ಸರಿಹೋಗಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಾಳೆ.

ಅತ್ತೆ ನ್ಯಾಯಾಲಯಕ್ಕೆ ಬಂದು ಮಗನ ಎದುರೇ ಸಾಕ್ಷಿ ಹೇಳಿದರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿ, ಕಿವಿಯ ಹಿಂದಿನ ಉದ್ದನೆಯ ಗಾಯದ ಗುರುತು ತೋರಿಸಿದರು.

"ಇವನಪ್ಪ ಮಾಡಿದ್ದು. ಇವ ಆವಾಗ ಬಾಗಲದಾಗ ನಿಂತು ನೋಡಾಕತ್ತಿದ್ದ. ಹಿಂಗ ತಡಿಯಾಕ ಬರ್ತೈತಿ ಅಂತ ನನಗ ಯಾರೂ ಹೇಳಲಿಲ್ಲವ್ವಾ."

ನಾನು ಆಕೆಯ ಕೈ ಹಿಡಿದುಕೊಂಡೆ.